ಅಳಿಯನ ಹೆಸರಿನ ವಿಮಾನ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಹಾಲಿನ ಅಂಗಡಿಯವರಿಂದ ಹಿಡಿದು ಬ್ಯಾಂಕಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವನು ತಕ್ಕಡಿಯಣ್ಣ. ತಕ್ಕಡಿ ರಿಪೇರಿಯೇ ಅವನ ಕಸುಬು. ಅಂಗಡಿ ಎಂದರೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಓಣಿಯಂಥ ಜಾಗ. ಒಬ್ಬ ಗಿರಾಕಿ ಒಳಗೆ ಬಂದರೆ ಇನ್ನೊಬ್ಬ ಹೊಟ್ಟೆ ಎಳೆದುಕೊಂಡು ನಿಲ್ಲಬೇಕು. ಗೋಡೆಗೆ ತಕ್ಕಡಿಯ ಹಳೆಯ ದಂಡಗಳು, ಮೊಳೆಗಳಿಗೆ ನೇತುಬಿದ್ದ ಹಿತ್ತಾಳೆ ತಟ್ಟೆಗಳು, ಕೆಳಗೆ ಸಾಲಾಗಿ ಕೂತ ತೂಕದ ಬಟ್ಟುಗಳು. ಈಚೆಗೆ ಬರುವುದೆಲ್ಲ ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿಗಳೇ. ಅವನ್ನೂ ಬಿಚ್ಚುತ್ತಿದ್ದ, ಒಳಗಿನ ಜಿರಲೆ ಕೊಡವುತ್ತಿದ್ದ, ತಂತಿ ಬೆಸೆಯುತ್ತಿದ್ದ. ಆದರೆ ಮುಳ್ಳಿರುವ ಹಳೆಯ ತಕ್ಕಡಿ ಬಂದ ದಿನ ಮಾತ್ರ ಅವನ ಮುಖ ನೋಡಬೇಕು. ತಟ್ಟೆಗಳು ತೂಗಿ ತೂಗಿ, ಮುಳ್ಳು ನಡುಗಿ, ಕೊನೆಗೆ ನಟ್ಟನಡುವೆ ನಿಂತಾಗ ಅವನು ಉಸಿರು ಬಿಡುತ್ತಿದ್ದ. ಅಲ್ಲಿಯವರೆಗೆ ಯಾರು ಮಾತಾಡಿಸಿದರೂ ಕಿವಿಗೆ ಹೋಗುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನು ಮಲಗುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಸಂಜೆಯ ಊಟ ಪಕ್ಕದ ಬೀದಿಯ ಮಗಳ ಮನೆಯಲ್ಲಿ. ಮಗಳಿಗೆ ಒಂದು ಕೂಸು. ಈಗಷ್ಟೇ ಅಂಬೆಗಾಲಿಡಲು ಕಲಿತು, ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ರುಚಿ ನೋಡುವ ವಯಸ್ಸು. ಮಗಳು ದಿನವಿಡೀ ಬಗ್ಗಿಕೊಂಡೇ ಓಡಾಡುತ್ತಿದ್ದಳು. ಗುಂಡಿ, ಪಿನ್ನು, ಕಡಲೆಬೀಜದ ಸಿಪ್ಪೆ, ಏನು ಕಂಡರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಅಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಾತು ಕಡಿಮೆ, ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಳ್ಳುವ ಮನುಷ್ಯ. ಮದುವೆಯಾದ ಹೊಸತರಲ್ಲಿ ಅವನಿಗೆ ಒಂದೇ ಒಂದು ಚಟವಿತ್ತು, ರಜೆಯ ದಿನ ಗೆಳೆಯರನ್ನು ಕರೆದು ಕೇರಂ ಆಡುವುದು. ಕೂಸು ಹುಟ್ಟಿದ ಹೊಸತರಲ್ಲಿ ಅದನ್ನು ನಿಲ್ಲಿಸಿದವನು ತಕ್ಕಡಿಯಣ್ಣನೇ. “ನೋಡಿ ಅಳಿಯಂದ್ರೆ, ಇನ್ನು ಇದೆಲ್ಲ ಸಾಕು. ಮಗು ಇರೋ ಮನೇಲಿ ಆಟದ ಸಾಮಾನು ಮಗೂದೊಂದೇ ಇರಬೇಕು,” ಎಂದಿದ್ದ. ಅಳಿಯ ಹೂಂ ಎಂದು ಬೋರ್ಡನ್ನು ಹಳೆಯ ಚಾದರದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದ. ಆಟ ಎಂದರೆ ತಕ್ಕಡಿಯಣ್ಣನಿಗೆ ಆಗದು ಎಂದು ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ.

ಹೀಗಿರುವಾಗ ಗುಜರಿ ಅಂಗಡಿಯ ದೊಡ್ಡ ಪ್ಲಾಟ್‌ಫಾರಂ ತಕ್ಕಡಿ ಕೆಟ್ಟು ಕೂತಿತು. ರಿಪೇರಿಗೆ ಇವನೇ ಅಲ್ಲಿಗೆ ಹೋದ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ, ಮುರಿದ ಫ್ರಿಜ್ಜಿನ ಬಾಗಿಲಿಗೂ ಕಾಲಿಲ್ಲದ ಕುರ್ಚಿಗೂ ನಡುವೆ ಒಂದು ಬೂದು ಬಣ್ಣದ ಬಾಲ ನಿಗುರಿ ನಿಂತದ್ದು ಕಂಡಿತು.

“ಅದೇನ್ರೀ ಅದು?”

“ಅದಾ? ವಿಮಾನ. ರಿಮೋಟಲ್ಲಿ ಹಾರೋ ಜೆಟ್ಟು. ಬ್ಯಾಟರಿ ಮೇಲೆ ನಡೆಯುತ್ತೆ. ಯಾರೋ ಮನೆ ಖಾಲಿ ಮಾಡ್ತಾ ಎಸೆದು ಹೋದ್ರು. ಮೈಯೆಲ್ಲ ಥರ್ಮಾಕೋಲು, ತೂಕಕ್ಕೂ ಬರಲ್ಲ ದರಿದ್ರದ್ದು. ಒಡೆದು ಒಳಗಿನ ತಂತಿ ತೆಗೀಬೇಕು.”

ತಕ್ಕಡಿಯಣ್ಣ ಅದನ್ನು ಮೆಲ್ಲಗೆ ಎಳೆದು ಎತ್ತಿದ. ಯಾವ ವಸ್ತುವನ್ನಾದರೂ ಎತ್ತುವ ಮುಂಚೆಯೇ ಅದರ ಭಾರಕ್ಕೆ ತಕ್ಕಷ್ಟು ಬಲವನ್ನು ಅವನ ತೋಳು ತಾನೇ ತೂಗಿ ಕೊಡುತ್ತಿತ್ತು. ಒಂದು ಆಯುಷ್ಯದ ಅಭ್ಯಾಸ ಅದು. ಅವತ್ತು ತೋಳು ಮೋಸಹೋಯಿತು. ಇಷ್ಟುದ್ದದ ಮೈ, ತೋಳು ಚಾಚಿದಷ್ಟು ರೆಕ್ಕೆ, ಎತ್ತಿದರೆ ಏನೂ ಇಲ್ಲ! ಕೈ ಹಾಗೆಯೇ ತಲೆಯ ಮೇಲಕ್ಕೆ ಹೋಗಿಬಿಟ್ಟಿತು. ವಿಮಾನವನ್ನು ಆಕಾಶಕ್ಕೆ ಎತ್ತಿ ಹಿಡಿದು, ಬಾಯಿ ತೆರೆದುಕೊಂಡು ನಿಂತಿದ್ದ.

ಗುಜರಿಯವನು ಹಲ್ಲು ಕಿರಿದ. “ಏನಣ್ಣ, ಬೇಕಾ? ತಗೊಂಡು ಹೋಗಿ. ಈ ವಯಸ್ಸಲ್ಲಿ ಹಾರಾಡೋ ಆಸೆನಾ?”

“ಛೇ, ನನಗ್ಯಾಕ್ರೀ? ನಮ್ಮ ಅಳಿಯಂದ್ರಿಗೆ. ಅವರಿಗೆ ಇಂಥಾದ್ರ ಹುಚ್ಚು.”

ಮಾತು ನಾಲಿಗೆಯಿಂದ ಜಾರಿದ ಮೇಲಷ್ಟೇ ಅದು ಸುಳ್ಳು ಎಂದು ಅವನಿಗೆ ಹೊಳೆದದ್ದು. ಅದು ದೊಡ್ಡ ಸುಳ್ಳು ಅನ್ನಿಸಲೂ ಇಲ್ಲ. ಅವನ ಮೇಜಿನ ಮೇಲೆ ಬಂದು ಕೂರುವುದೆಲ್ಲ ಯಾವತ್ತೂ ಇನ್ನೊಬ್ಬರದ್ದೇ ತಾನೇ? ತನ್ನದು ಎನ್ನುವಂಥ ಒಂದು ವಸ್ತುವನ್ನು ಆ ಮೇಜಿನ ಮೇಲಿಟ್ಟು ಬಿಚ್ಚಿದ ನೆನಪೇ ಅವನಿಗಿರಲಿಲ್ಲ.

ವಿಮಾನದ ಜೊತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ರಿಮೋಟು ಇತ್ತು. ಹೇಗೆ, ಏನು, ಎತ್ತ ಎಂದು ತಿಳಿಸುವ ಒಂದು ಚೂರು ಕಾಗದ ಇರಲಿಲ್ಲ. ಮೂಗು ಜಜ್ಜಿಹೋಗಿತ್ತು. ಒಂದು ರೆಕ್ಕೆಯ ಅಂಚು ಸೀಳಿತ್ತು. ಹೊಟ್ಟೆಯೊಳಗಿನ ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿತ್ತು. ಅದನ್ನು ನೋಡಿದ ಕೂಡಲೇ ಅವನು ಹೊತ್ತಿಕೊಂಡೀತೆಂದು ಮರಳಿನ ಬಕೆಟ್ಟಿನಲ್ಲಿಟ್ಟು ಹೊರಗೆ ಸಾಗಿಸಿದ. ಹೊಸ ಬ್ಯಾಟರಿಗೆ ಹೋದ ಅಂಗಡಿಯಲ್ಲೂ “ಯಾರಿಗೆ ಸರ್?” ಎಂದು ಕೇಳಿದರು. “ಅಳಿಯನಿಗೆ.” ಈ ಸಲ ನಾಲಿಗೆ ತಡವರಿಸಲೂ ಇಲ್ಲ.

ಮೊದಮೊದಲು ಎಲ್ಲವೂ ಎಡವಟ್ಟು. ತಕ್ಕಡಿಯ ರಬ್ಬರ್ ಕಾಲು ಅಂಟಿಸುವ ಗೋಂದನ್ನೇ ಸೀಳಿದ ರೆಕ್ಕೆಗೆ ಹಚ್ಚಿದ. ಹಚ್ಚಿದ ಜಾಗ ಚುಯ್ಯೆಂದು ಸದ್ದು ಮಾಡಿ, ನೀರಿಗೆ ಬಿದ್ದ ಸಕ್ಕರೆಯ ಹಾಗೆ ಕರಗಿ ತೂತಾಯಿತು. ತಾನೇ ಯಾರಿಗೋ ಬರೆ ಎಳೆದ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಮಕ್ಕಳ ಬಿಳಿ ಗೋಂದು ತಂದು, ತೂತಿಗೆ ಬೇರೆ ಥರ್ಮಾಕೋಲಿನ ತುಂಡು ಕೆತ್ತಿ ಕೂರಿಸಿದ. ಹೊಟ್ಟೆಯ ಕೊಳವೆಯೊಳಗೆ ಒಂದು ಪುಟ್ಟ ಫ್ಯಾನು. ಗಾಳಿಯನ್ನು ಮುಂದಿನಿಂದ ಎಳೆದು ಹಿಂದಕ್ಕೆ ಉಗುಳಿ ವಿಮಾನವನ್ನು ತಳ್ಳುವುದು ಅದೇ ಎಂದು ಅವನಿಗೆ ಅರ್ಥವಾಯಿತು. ಮೋಟಾರಿನಿಂದ ಮೂರು ತಂತಿ, ಮೂರಕ್ಕೂ ಒಂದೇ ಬಣ್ಣ. ಯಾವುದಕ್ಕೆ ಯಾವುದು? ದೇವರ ಮೇಲೆ ಭಾರ ಹಾಕಿ ಸೇರಿಸಿ, ರಿಮೋಟಿನ ಕಡ್ಡಿಯನ್ನು ಮೇಲಕ್ಕೆ ದೂಡಿದ.

ಕೀ ಎಂದು ಅಂಗಡಿಯೇ ಕಿರುಚಿಕೊಂಡಿತು. ಮೇಜಿನ ಮೇಲಿದ್ದ ರಸೀದಿಗಳೆಲ್ಲ ಹಾರಿ ಹೋಗಿ ಬೀದಿಗೆ ಬಿದ್ದವು. ಪಕ್ಕದ ಅಂಗಡಿಯ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಓಡಿಬಂದಳು.

“ಏನಣ್ಣ ಇದು, ಯಾರ ಮಿಕ್ಸಿ ಜೀವ ಬಿಡ್ತಾ ಇದೆ?”

“ಮಿಕ್ಸಿ ಅಲ್ಲಮ್ಮ, ವಿಮಾನ.” ಗಾಳಿ ಮೂಗಿನ ಕಡೆಯಿಂದ ಹೊರಗೆ ಬೀಸುತ್ತಿತ್ತು. “ಅಯ್ಯೋ, ಇದು ಹಿಂದಕ್ಕೆ ಹೋಗೋ ವಿಮಾನ ಆಯ್ತಲ್ಲ!”

ಅವನು ಎರಡು ತಂತಿಗಳನ್ನು ಅದಲುಬದಲು ಮಾಡಿದ. ಈಗ ಗಾಳಿ ಬಾಲದ ಕಡೆಯಿಂದ ಬಂತು, ಟೈಲರಮ್ಮನ ಸೆರಗು ಹಾರಿಸಿತು. ಇಬ್ಬರೂ ಮಕ್ಕಳ ಹಾಗೆ ನಕ್ಕರು. ನಕ್ಕು ಮುಗಿದ ಮೇಲೆ ಅವಳು ಕೇಳಬೇಕಾದ್ದನ್ನೇ ಕೇಳಿದಳು.

“ಯಾರದ್ದಣ್ಣ?”

“ಅಳಿಯಂದ್ರದು.”

“ಮೇಷ್ಟ್ರದಾ!” ಅವಳು ಕೆನ್ನೆಗೆ ಕೈ ಇಟ್ಟುಕೊಂಡಳು. “ಅಬ್ಬಬ್ಬಾ, ಬೀದೀಲಿ ಹೋಗೋವಾಗ ತಲೆ ಎತ್ತಲ್ಲ ಅಂತೀನಿ ನಾನು. ಒಳಗೊಳಗೇ ಇಷ್ಟೆಲ್ಲಾ ಇದೆಯಾ?”

ಟೈಲರಮ್ಮನ ಅಂಗಡಿಗೆ ಬಂದು ಅಳತೆ ಕೊಟ್ಟವರೆಲ್ಲ ಸುದ್ದಿಯನ್ನೂ ಹೊತ್ತುಕೊಂಡು ಹೋದರು.

ಸ್ವಲ್ಪ ದಿನಕ್ಕೆ, ಸಂಜೆ ಊಟಕ್ಕೆ ಹೋದಾಗ ಮಗಳ ಮುಖ ಗಂಟುಹಾಕಿಕೊಂಡಿತ್ತು. ಅನ್ನ ಬಡಿಸಿದ ಸೌಟು ಪಾತ್ರೆಗೆ ಠಣ್ಣೆಂದು ಬಡಿಯಿತು.

“ಅಪ್ಪಾ, ನಿಮಗಂತೂ ಗೊತ್ತೇ ಇರುತ್ತೆ. ಇವರು ನಿಮ್ಮ ಅಂಗಡೀಲಿ ವಿಮಾನ ಬಿಚ್ಚಿಸ್ತಾ ಇದಾರಂತೆ. ನನಗೆ ಹೇಳಿದ್ದು ಯಾರು? ಬ್ಲೌಸಿನ ಅಳತೆ ತಗೊಳ್ತಾ ಟೈಲರಮ್ಮ ಹೇಳಿದ್ಳು! ನನಗೆ ನಾಚಿಕೆಯಾಗಿ ಉಸಿರೇ ನಿಂತುಹೋಯ್ತು.”

ಅಳಿಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವನು ತಲೆ ಎತ್ತಿದ. ಅವನ ಮುಖದಲ್ಲಿ ಏನೂ ಅರ್ಥವಾಗದ ಪೆಚ್ಚು ನಗೆಯಿತ್ತು.

“ನಗಬೇಡಿ ನೀವು!” ಮಗಳು ಅಡುಗೆಮನೆಯ ಕಿಟಕಿಯ ಮೇಲಿಂದ ಏನನ್ನೋ ತಂದು ಗಂಡನ ಮುಂದೆ ಹಿಡಿದಳು. ಒಂದು ಸಣ್ಣ, ಕಪ್ಪು ಸ್ಕ್ರೂ. “ಇದು ಎಲ್ಲಿ ಸಿಕ್ಕಿತು ಗೊತ್ತಾ? ಮೊನ್ನೆ ಇವಳ ಮುಷ್ಟಿಯೊಳಗೆ. ಬಾಯಿಗೆ ಹೋಗೋಕೆ ಇಷ್ಟೇ ಇಷ್ಟು ಬಾಕಿ. ಎಲ್ಲಿಂದ ಬಂತು ಅಂತ ಮನೆಯೆಲ್ಲ ತಲೆಕೆಳಗೆ ಮಾಡಿದೆ. ಈಗ ಗೊತ್ತಾಯ್ತು. ಆ ಬ್ಯಾಟರಿಗಳು ಸುಮ್ಮಸುಮ್ಮನೆ ಹೊತ್ತಿಕೊಳ್ತಾವಂತೆ, ಅದನ್ನೂ ತಂದು ಮಂಚದ ಕೆಳಗೆ ಇಟ್ಟಿದೀರೇನು? ಹೇಳಿ. ಇದು ನಿಮ್ಮದಾ, ಅಲ್ವಾ?”

ತಕ್ಕಡಿಯಣ್ಣನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಸ್ಕ್ರೂ ವಿಮಾನದ ರೆಕ್ಕೆಯದ್ದು. ಅಂಗಿಯ ಜೇಬಿಗೆ ಹಾಕಿಕೊಂಡಿದ್ದವನು ಆಮೇಲೆ ಅಂಗಡಿಯೆಲ್ಲ ಹುಡುಕಿದ್ದ. ಕೂಸನ್ನು ಎತ್ತಿಕೊಳ್ಳಲು ಬಗ್ಗಿದಾಗ ಬಿದ್ದಿರಬೇಕು.

ಅಳಿಯ ಸ್ಕ್ರೂ ನೋಡಿದ. ಮಾವನ ಮುಖ ನೋಡಿದ. ಮಾವ ತಟ್ಟೆ ನೋಡಿದ.

“ನಂದೇ,” ಎಂದ ಅಳಿಯ. “ಹೇಳಬೇಕು ಅಂತಿದ್ದೆ.”

ಮಗಳು ಆ ಸಂಜೆ ಗಂಡನಿಗೆ ಅಂದ ಮಾತುಗಳನ್ನು ಒಂದೂ ಬಿಡದೆ ಕೇಳಿಸಿಕೊಂಡವನು ಅಪ್ಪ. ಜವಾಬ್ದಾರಿ ಇಲ್ಲದವರು ಎಂದಳು. ಮಗೂಗಿಂತ ನಿಮಗೆ ಆಟವೇ ಹೆಚ್ಚು ಎಂದಳು. ಕೊನೆಗೆ ಕೂಸನ್ನು ಅವನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದಳು, ಅವನ ಕೈಗೆ ಮಗು ಕೊಡುವುದೇ ಅಪಾಯ ಎನ್ನುವ ಹಾಗೆ. ಈಗ ಹೇಳಿಬಿಡುತ್ತೇನೆ, ಈ ಮಾತು ಮುಗಿಯಲಿ, ಈ ತುತ್ತು ಇಳಿಯಲಿ ಎಂದುಕೊಳ್ಳುತ್ತಲೇ ತಕ್ಕಡಿಯಣ್ಣ ಊಟ ಮುಗಿಸಿ ಕೈ ತೊಳೆದು ತನ್ನ ಕೋಣೆಗೆ ಬಂದಿದ್ದ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅಳಿಯ ಅಂಗಡಿಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬಂದು ನಿಂತ. ತಕ್ಕಡಿಯಣ್ಣ ಸ್ಟೂಲು ಒರೆಸಿ ಮುಂದೆ ತಳ್ಳಿದ.

“ಯಾಕೆ ಹಾಗಂದ್ರಿ ನೀವು?” ಸಿಟ್ಟು ತನ್ನ ಮೇಲೆ, ದನಿ ಏರಿದ್ದು ಅಳಿಯನ ಮೇಲೆ.

“ಮತ್ತೇನನ್ನಲಿ ಮಾವ? ನೀವು ನಾಲ್ಕು ಜನರ ಹತ್ತಿರ ಹೇಳಿದ್ದೀರಿ. ಅದನ್ನ ನಾನು ಸುಳ್ಳು ಅನ್ನೋದಾ?” ಅಳಿಯನ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನ ಕಣ್ಣು ಆಗಲೇ ಮೇಜಿನ ಮೇಲಿತ್ತು. “ಇದೇನಾ? ಎತ್ತಿ ನೋಡ್ಲಾ?”

ಎತ್ತಿದ. ಅವನ ಕೈಯೂ ಮೋಸಹೋಗಿ ಮೇಲಕ್ಕೆ ಹೋಯಿತು.

“ನೋಡಿ, ಮಗಳಿಗೆ ನಾನೇ ಹೇಳ್ತೀನಿ,” ಎಂದ ತಕ್ಕಡಿಯಣ್ಣ. “ಆದ್ರೆ ಈಗ ಬೇಡ. ಈಗ ಹೇಳಿದ್ರೆ ಮುದುಕ ಗುಜರಿ ಆಟದ ಸಾಮಾನು ಇಟ್ಕೊಂಡು ಕೂತಿದಾನೆ ಅಂತಾಗುತ್ತೆ. ಇದು ಒಂದು ಸಲ ಹಾರಲಿ. ಹಾರಿದ ಮೇಲೆ, ನೋಡಮ್ಮ ಇದನ್ನ ಹಾರಿಸಿದ್ದು ನಾನು, ಅಂತ ಹೇಳೋಕೆ ಒಂದು ಮುಖ ಇರುತ್ತೆ.”

“ಆಗ್ಲಿ ಮಾವ. ಅಲ್ಲಿವರೆಗೆ ನಂದೇ ಇರಲಿ.”

ಹೀಗೆ ಒಪ್ಪಂದವಾಯಿತು. ಅಂದಿನಿಂದ ಅವನು ವಿಮಾನದ ಕೆಲಸವನ್ನು ಪಣ ತೊಟ್ಟವನಂತೆ ಮಾಡಿದ. ಪ್ರತಿ ಸಂಜೆ ಊಟಕ್ಕೆ ಹೋಗುವ ಮುಂಚೆ ಜೇಬುಗಳನ್ನು ಒಳಹೊರಗೆ ಮಾಡಿ ಕೊಡವುತ್ತಿದ್ದ. ಅಲ್ಲಿ ಮಗಳು ಗಂಡನಿಗೆ ಚುಚ್ಚುವುದು, ಅಳಿಯ ಹೂಂಗುಟ್ಟುವುದು, ತಾನು ಕೂಸನ್ನು ಆಡಿಸುತ್ತ ಏನೂ ಕೇಳದವನ ಹಾಗೆ ಕೂರುವುದು. ಹೇಳಿದರೆ ಮುಗಿಯುವ ಮಾತು, ದಿನ ಕಳೆದಷ್ಟೂ ಬೆಳೆಯಿತು. ಹೇಳದೆ ಕಳೆದ ದಿನಗಳನ್ನೂ ಈಗ ಸೇರಿಸಿ ಹೇಳಬೇಕಲ್ಲ!

ಕಡೆಗೆ ಉಳಿದದ್ದು ತೂಕದ ಕೆಲಸ. ಇದು ತನ್ನ ಸ್ವಂತ ಹೊಲ ಎಂದುಕೊಂಡ ತಕ್ಕಡಿಯಣ್ಣ. ವಿಮಾನ ಎಂದರೇನು? ನಡುವೆ ದಂಡ, ಮುಂದೊಂದು ತಟ್ಟೆ, ಹಿಂದೊಂದು ತಟ್ಟೆ. ರೆಕ್ಕೆಯ ಅಗಲವನ್ನು ಅಳೆದು ನಟ್ಟನಡುವೆ ಗುರುತು ಹಾಕಿದ. ತಕ್ಕಡಿಯ ದಂಡ ಕೂರಿಸುವ ಉಕ್ಕಿನ ಅಂಚಿನ ಮೇಲೆ ಆ ಗುರುತನ್ನಿಟ್ಟು ಕೈ ಬಿಟ್ಟ. ಮೂಗು ದೊಪ್ಪೆಂದು ಮುಂದಕ್ಕೆ ಬಿತ್ತು. “ನೋಡಿದ್ರಾ, ಮಾಡಿದವನಿಗೇ ತೂಕ ಗೊತ್ತಿಲ್ಲ,” ಎಂದು ನಕ್ಕು, ಹೊಟ್ಟೆಯಲ್ಲಿ ಮೂಗಿನ ಕಡೆಗಿದ್ದ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದ. ಸಾಲಲಿಲ್ಲ. ಬಾಲದೊಳಗೆ ಒಂದು ಪುಟ್ಟ ಹಿತ್ತಾಳೆ ಬಟ್ಟು ಅಂಟಿಸಿದ. ಈಗ ವಿಮಾನ ಒಂದಿಷ್ಟು ತೂಗಿ, ನಡುಗಿ, ನೆಲಕ್ಕೆ ಸಮನಾಗಿ ನಿಂತಿತು. ಅವನು ಉಸಿರು ಬಿಟ್ಟ.

ಅಳಿಯ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಹೇಳಲೋ ಬೇಡವೋ ಎನ್ನುತ್ತ ಬಾಯಿ ತೆರೆದ. “ಮಾವ, ಮೂಗು ಸ್ವಲ್ಪ ಭಾರ ಇರಬೇಕು ಅನ್ಸುತ್ತೆ. ಅಂದ್ರೆ ರೆಕ್ಕೆ ಮೇಲೆ ಗಾಳಿ ಎತ್ತೋ ಜಾಗ ನಡುವೆ ಇರಲ್ಲ, ಇನ್ನೂ ಮುಂದೆ...”

“ಅಳಿಯಂದ್ರೆ,” ತಕ್ಕಡಿಯಣ್ಣ ಕನ್ನಡಕದ ಮೇಲಿಂದ ನೋಡಿದ. “ಬೇರೆ ಏನಾದ್ರೂ ಹೇಳಿ, ಕೇಳ್ತೀನಿ. ತೂಕದ ವಿಷಯ ನನಗೆ ಹೇಳ್ಕೊಡಬೇಡಿ.”

ಅಳಿಯ ಗೋಂದಿನ ಡಬ್ಬಿಯ ಮುಚ್ಚಳ ಹಾಕಿದ.

ಊರ ಹೊರಗಿನ ಮೈದಾನದಲ್ಲಿ ರಜೆಯ ಬೆಳಗ್ಗೆ ಇಂಥ ವಿಮಾನ ಹಾರಿಸುವವರು ಸೇರುತ್ತಿದ್ದರು. ಅವರಿಗೆಲ್ಲ ಹಿರಿಯ ಒಬ್ಬ ನಿವೃತ್ತ ಬಸ್ ಡ್ರೈವರ್. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಜನ್ಮದಲ್ಲಿ ನಿಜವಾದ ವಿಮಾನ ಹತ್ತಿದವನಲ್ಲ. ಅಳಿಯ ಜೆಟ್ಟನ್ನು ಎದೆಗವಚಿಕೊಂಡು, ಮಾವ ರಿಮೋಟು ಹಿಡಿದುಕೊಂಡು ಅಲ್ಲಿಗೆ ಬಂದಾಗ ಕ್ಯಾಪ್ಟನ್ನಿನ ಜೊತೆ ಅವನ ತಂಗಿಯ ಮಗಳೂ ಅವಳ ಗೆಳತಿಯರೂ ಇದ್ದರು.

“ಅಯ್ಯೋ, ಸರ್!” ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು. ಅಳಿಯನ ತರಗತಿಯವರೇ.

ಕ್ಯಾಪ್ಟನ್ ಜೆಟ್ಟನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ಮೆಚ್ಚಿಕೊಂಡ. “ಕೆಲಸ ಚೊಕ್ಕಟವಾಗಿದೆ. ತೂಕ ಸರಿಯಾಗಿ ನೋಡಿದೀರಾ? ಅದೊಂದು ತಪ್ಪಿದ್ರೆ ಎಲ್ಲ ಹೋಯ್ತು.”

“ನೋಡಿದೀ...” ತಕ್ಕಡಿಯಣ್ಣ ಮಾತು ಬದಲಿಸಿದ. “ಅಳಿಯಂದ್ರು ನೋಡಿದಾರೆ.”

“ವಿಜ್ಞಾನದ ಮೇಷ್ಟ್ರು ನೋಡಿದ ಮೇಲೆ ಮುಗೀತು ಬಿಡಿ. ಮೊದಲನೇ ಸಲ ರಿಮೋಟು ನನಗೆ ಕೊಡಿ. ಮೇಷ್ಟ್ರೇ, ಗಾಳಿಗೆ ಎದುರಾಗಿ ಎಸೀರಿ.”

ಅಳಿಯ ಓಡಿ ಎಸೆದ. ಜೆಟ್ಟು ಕೀ ಎಂದು ಕೂಗುತ್ತ ಅವನ ಕೈಯಿಂದ ಹೊರಟಿತು. ಹೊರಟದ್ದೇ ತಡ, ಬೆದರಿದ ಕುದುರೆಯ ಹಾಗೆ ಮೂಗು ಮೇಲೆತ್ತಿತು. ಕ್ಯಾಪ್ಟನ್ ಕಡ್ಡಿ ಒತ್ತಿದಷ್ಟೂ ಒತ್ತಿದ. ಅದು ಇನ್ನೂ ಮೇಲೆ, ಇನ್ನೂ ಮೇಲೆ, ಬಾಲದ ಮೇಲೆ ನಿಂತ ಹಾಗೆ ನಿಂತು, ಅಲ್ಲಿಂದ ಬೆನ್ನು ಕೆಳಗಾಗಿ ನೆಲಕ್ಕೆ ಬಿತ್ತು. ರೆಕ್ಕೆ ಒಂದು ಕಡೆ, ಮೈ ಒಂದು ಕಡೆ. ತೂತು ಮುಚ್ಚಿದ ತುಂಡು ಮಾತ್ರ ರೆಕ್ಕೆಗೆ ಕಚ್ಚಿಕೊಂಡೇ ಇತ್ತು.

ಎಲ್ಲರೂ ಓಡಿಹೋದರು. ಕ್ಯಾಪ್ಟನ್ ಮುರಿದ ಬಾಲದೊಳಗೆ ಬೆರಳು ಹಾಕಿ ಹಿತ್ತಾಳೆಯ ಬಟ್ಟನ್ನು ಎಳೆದು ತೆಗೆದ. ಬಿಸಿಲಿಗೆ ಅದು ಫಳಫಳ ಹೊಳೆಯಿತು.

“ತೂಕದ ಬಟ್ಟು! ಬಾಲಕ್ಕೆ! ಯಾರ್ರೀ ಇಟ್ಟಿದ್ದು ಇದನ್ನ?”

ಹೇಳು, ಹೇಳು ಎಂದು ತಕ್ಕಡಿಯಣ್ಣ ತನಗೆ ತಾನೇ ಹೇಳಿಕೊಂಡ. ಊರಿಗೆಲ್ಲ ತೂಕ ಸರಿಮಾಡಿ ಕೊಡುವವನು, ತೂಕದಲ್ಲೇ ತಪ್ಪಿದೆ ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು?

“ನಾನೇ,” ಎಂದ ಅಳಿಯ.

ಹುಡುಗಿಯರು ಕಿಸಕ್ಕೆಂದರು. ಕ್ಯಾಪ್ಟನ್ ಒಳ್ಳೆಯವನೇ, ಆದರೆ ಕಲಿಸುವ ಅವಕಾಶ ಸಿಕ್ಕಿದರೆ ಬಿಡುವವನಲ್ಲ. ವಿಜ್ಞಾನದ ಮೇಷ್ಟ್ರನ್ನು ಅವನದೇ ವಿದ್ಯಾರ್ಥಿನಿಯರ ಮುಂದೆ ನಿಲ್ಲಿಸಿಕೊಂಡು, ಮುರಿದ ರೆಕ್ಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಪಾಠ ಹೇಳಿದ. “ಮುಂದಿನ ಅಂಚಿಂದ ಹೆಚ್ಚೂ ಕಡಿಮೆ ಮೂರನೇ ಒಂದು ಭಾಗ. ಭಾರ ಅಲ್ಲಿಗೆ ಬರಬೇಕು ಮೇಷ್ಟ್ರೇ. ನಡುವೆ ಅಲ್ಲ. ಇದು ತರಕಾರಿ ತೂಗೋ ತಕ್ಕಡಿ ಅಲ್ಲ.” ಅಳಿಯ ಇದೇ ಮೊದಲ ಸಲ ಕೇಳುತ್ತಿರುವವನ ಹಾಗೆ “ಹೌದಾ? ಹೌದೌದು” ಎನ್ನುತ್ತ ತಲೆಯಾಡಿಸಿದ. ತಕ್ಕಡಿಯಣ್ಣ ತನ್ನ ಚಪ್ಪಲಿಯ ಬಾರನ್ನೇ ನೋಡುತ್ತಿದ್ದ.

ಮೈದಾನದ ಸುದ್ದಿ ಅವರಿಗಿಂತ ಮುಂಚೆ ಮನೆ ಸೇರಿತ್ತು. ಯಾವುದೋ ಹುಡುಗಿಯ ತಾಯಿ ಫೋನು ಮಾಡಿ ನಕ್ಕಿದ್ದಳು. ಮಗಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಅಪ್ಪಾ, ನನಗೆ ಹೇಳಿ ಹೇಳಿ ಸಾಕಾಯ್ತು. ನನ್ನ ಮಾತಿಗಂತೂ ಬೆಲೆ ಇಲ್ಲ. ನೀವಾದ್ರೂ ಬುದ್ಧಿ ಹೇಳಿ. ಹಿಂದೆ ಕೇರಂ ಬಿಡಿಸಿದ್ದು ನೀವೇ ಅಲ್ವಾ? ನಿಮ್ಮ ಮಾತು ಕೇಳ್ತಾರೆ ಇವರು.”

ಅವನು ಕುರ್ಚಿಯಲ್ಲಿ ಕೂತ. ಎದುರಿಗೆ ಅಳಿಯ ಕೈ ಕಟ್ಟಿಕೊಂಡು ನಿಂತಿದ್ದ. ಮಗಳು ಕಾಯುತ್ತಿದ್ದಳು. ತಕ್ಕಡಿಯಣ್ಣನಿಗೆ ಏನಾಯಿತೋ, ಗಂಟಲು ಸರಿಮಾಡಿಕೊಂಡ, ಮಾತು ತಾನಾಗಿ ಬಂದುಬಿಟ್ಟಿತು. “ನೋಡಿ ಅಳಿಯಂದ್ರೆ. ಮಗು ಇರೋ ಮನೆ ಇದು. ನೀವು ತಿಳಿದವರು. ನಾಲ್ಕು ಮಕ್ಕಳಿಗೆ ಹೇಳಿಕೊಡೋ ಜಾಗದಲ್ಲಿದೀರಿ...” ಎಷ್ಟು ಸರಾಗವಾಗಿ ಬರುತ್ತಿತ್ತು! ಹಿರಿಯನಾಗಿ ಆಡಿ ಆಡಿ ಸವೆದ ಮಾತುಗಳು, ಯಾವ ಬಾಯಿಗೂ ಹೊಂದುವಂಥವು. “ಇನ್ನು ಮುಂದೆ ಇಂಥಾದ್ದೆಲ್ಲ ಬೇಡ.”

“ಹೂಂ ಮಾವ,” ಎಂದ ಅಳಿಯ.

ಆ ಹೂಂ ಅವನಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಎದ್ದ. ಊಟ ಬೇಡವೆಂದು ಹೊರಗೆ ಬಂದು ಒಂದು ಚಪ್ಪಲಿ ಮೆಟ್ಟಿಕೊಂಡ. ಇನ್ನೊಂದಕ್ಕೆ ಕಾಲು ಹೋಗಲಿಲ್ಲ. ಹಾಗೆಯೇ ಒಂದು ಕಾಲಿನ ಚಪ್ಪಲಿಯಲ್ಲೇ ಒಳಗೆ ಬಂದ. ಆ ಮನೆಯಲ್ಲಿ ಯಾರೂ ಯಾವತ್ತೂ ಮಾಡದ ಕೆಲಸ ಅದು.

“ಪುಟ್ಟಿ. ಅದು ನಂದು.”

“ಯಾವುದಪ್ಪಾ?”

“ವಿಮಾನ. ತಂದಿದ್ದು ನಾನು. ಬಟ್ಟು ಇಟ್ಟಿದ್ದು ನಾನು. ಅವರು ಬೇಡ ಅಂದಿದ್ರು, ನಾನೇ ಕೇಳಲಿಲ್ಲ. ನಾಚಿಕೆಯಾಯ್ತು, ಅವರ ಹೆಸರು ಹೇಳ್ದೆ. ಆಮೇಲೆ ವಾಪಸ್ ತಗೊಳ್ಳೋಕೆ ಆಗಲಿಲ್ಲ.”

ಮಗಳು ಅಪ್ಪನನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ಅಡುಗೆಮನೆಯ ಕಿಟಕಿಯ ಕಡೆ ಹೋಯಿತು. “ಹಾಗಾದ್ರೆ ಆ ಸ್ಕ್ರೂ?”

“ನನ್ನ ಜೇಬಿಂದೇ ಬಿದ್ದಿದ್ದು.”

ಕೂಗುತ್ತಾಳೆ ಎಂದುಕೊಂಡಿದ್ದ. ಕೂಗಲಿಲ್ಲ. ಗಂಡನ ಕಡೆ ತಿರುಗಿದಳು. “ನಾನು ನಿಮಗೆ ಏನೇನೆಲ್ಲ ಅಂದೆ. ನಿಮ್ಮ ಕೈಯಿಂದ ಮಗು ಕಿತ್ಕೊಂಡೆ. ನೀವು ಸುಮ್ಮನೆ ಅನ್ನಿಸ್ಕೊಂಡ್ರಿ?”

“ಮಾವ ಹೇಳ್ತೀನಿ ಅಂದಿದ್ರು...” ಅಳಿಯ ನೆಲ ನೋಡಿದ.

“ಇಬ್ಬರೂ ಸೇರಿ ನನ್ನನ್ನ ರಾಕ್ಷಸಿ ಮಾಡಿದ್ರಲ್ಲ!” ಈಗ ಅವಳ ದನಿ ಒಡೆಯಿತು. “ನೀವು ದೊಡ್ಡ ಮನುಷ್ಯರಾದ್ರಿ ಅಪ್ಪಾ, ಇವರು ತಾಳ್ಮೆ ಇರೋರಾದ್ರು. ಬಯ್ಯೋಳು ನಾನೊಬ್ಬಳು. ಈಗ ನಾನು ಯಾವ ಮುಖ ಇಟ್ಕೊಂಡು ಇವರ ಜೊತೆ ಮಾತಾಡ್ಲಿ ಹೇಳಿ?”

ಮೂವರಲ್ಲಿ ಯಾರಿಗೂ ಇನ್ನೊಬ್ಬರ ಮುಖ ನೋಡುವ ಧೈರ್ಯ ಇರಲಿಲ್ಲ. ಕೂಸೊಂದೇ ಅಜ್ಜನ ಒಂಟಿ ಚಪ್ಪಲಿಯ ಕಡೆ ಉತ್ಸಾಹದಿಂದ ಅಂಬೆಗಾಲಿಟ್ಟು ಬರುತ್ತಿತ್ತು. ಮಗಳು ಅದನ್ನು ಎತ್ತಿ, ಕಣ್ಣೊರೆಸಿಕೊಂಡು, ಗಂಡನ ಕೈಗೆ ಕೊಟ್ಟಳು. ಅಪ್ಪನ ಕಡೆ ನೋಡದೆಯೇ ಹೇಳಿದಳು. “ನನಗೊಬ್ಬಳಿಗೆ ಹೇಳಿದ್ರೆ ಆಗಲ್ಲ ಅಪ್ಪಾ. ಇವರ ಮರ್ಯಾದೆ ಹೋಗಿದ್ದು ಅಲ್ಲಿ, ಆ ಮೈದಾನದಲ್ಲಿ. ಹೋಗಿ ಅಲ್ಲಿ ಹೇಳಿ ಬನ್ನಿ. ಅಲ್ಲಿವರೆಗೆ ನನ್ನ ಹತ್ತಿರ ಮಾತಾಡಬೇಡಿ.”

ಮುಂದಿನ ರಜೆಯ ದಿನದವರೆಗೆ ಅವನು ಹೇಳಬೇಕಾದ ಮಾತನ್ನು ಎಷ್ಟು ಸಲ ಕಟ್ಟಿದನೋ, ಎಷ್ಟು ಸಲ ಕೆಡವಿದನೋ. ಜನ ನಗುವುದು, ತಕ್ಕಡಿಯಣ್ಣನಿಗೇ ತೂಕ ತಪ್ಪಿತಂತೆ ಎಂದು ಸಂತೆಯವರೆಲ್ಲ ಆಡಿಕೊಳ್ಳುವುದು, ನಾಳೆಯಿಂದ ಯಾವ ಅಂಗಡಿಯವನೂ ತನ್ನಲ್ಲಿಗೆ ಬಾ‌ರದೆ ಇರುವುದು, ಎಲ್ಲವನ್ನೂ ನೋಡಿಬಿಟ್ಟಿದ್ದ. ಅಷ್ಟು ತಯಾರಾಗಿ, ಒಗೆದ ಅಂಗಿ ತೊಟ್ಟು ಮೈದಾನಕ್ಕೆ ಹೋದ.

ಕ್ಯಾಪ್ಟನ್ ಯಾರದೋ ವಿಮಾನದ ಚಕ್ರ ಸರಿಮಾಡುತ್ತ ಕೂತಿದ್ದ.

“ಕ್ಯಾಪ್ಟನ್, ಅವತ್ತಿನ ಬಟ್ಟು ನಮ್ಮ ಅಳಿಯಂದ್ರು ಇಟ್ಟಿದ್ದಲ್ಲ. ನಾನಿಟ್ಟಿದ್ದು. ವಿಮಾನವೂ ನಂದೇ.”

“ಹೌದಾ?” ಕ್ಯಾಪ್ಟನ್ ತಲೆ ಎತ್ತಲಿಲ್ಲ. “ಎಲ್ರೂ ಮೊದಮೊದಲು ಹಾಗೇ ಮಾಡ್ತಾರೆ ಅಣ್ಣ. ನಾನು ಮೂರು ಮುರಿದೆ. ಆ ಸಣ್ಣ ಸ್ಪ್ಯಾನರ್ ಕೊಡಿ ಇಲ್ಲಿ.”

ಅಷ್ಟೇ. ಬೇರೆ ಯಾರೂ ತಿರುಗಿ ಕೂಡ ನೋಡಲಿಲ್ಲ. ತಕ್ಕಡಿಯಣ್ಣ ಸ್ಪ್ಯಾನರ್ ಕೊಟ್ಟು ನಿಂತ. ಇಷ್ಟಕ್ಕೇ ಹೆದರಿದ್ದನೇ? ಈ ಒಂದು “ಹೌದಾ” ತಪ್ಪಿಸಿಕೊಳ್ಳಲು ಅಳಿಯನನ್ನು ಮುಂದೆ ದೂಡಿ, ಮಗಳ ಸಂಸಾರದಲ್ಲಿ ಇಷ್ಟೆಲ್ಲ ಮಾಡಿದ್ದನೇ? ಅವರು ನಕ್ಕಿದ್ದರೆ ಚೆನ್ನಾಗಿತ್ತು. ಹೊಟ್ಟೆ ತುಂಬ ನಕ್ಕು, ಬೆನ್ನ ಮೇಲೆ ನಾಲ್ಕು ಗುದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಿಂದಿನಿಂದ ಕ್ಯಾಪ್ಟನ್ನಿನ ತಂಗಿಯ ಮಗಳು ಬಂದಳು. ಅವಳಿಗೆ ಎಲ್ಲ ಕೇಳಿಸಿತ್ತು.

“ತಾತ, ನೀವಿಟ್ಟಿದ್ದಾ? ಮತ್ತೆ ನಮ್ಮ ಸರ್ ಕ್ಲಾಸಲ್ಲಿ ಹಾಗ್ಯಾಕೆ ಹೇಳಿದ್ರು? ಬೋರ್ಡ್ ಮೇಲೆ ವಿಮಾನದ ಚಿತ್ರ ಬರೆದು, ಇಲ್ಲಿ ಭಾರ ಇಡಬೇಕಿತ್ತು, ನಾನು ಇಲ್ಲಿಟ್ಟೆ, ಈ ತಪ್ಪು ನಂದು ಅಂತ ತೋರಿಸಿದ್ರು. ತಪ್ಪು ಮಾಡಿದ್ರೆ ಹೀಗೆ ಒಪ್ಕೋಬೇಕು ಅಂತಾನೂ ಹೇಳಿದ್ರು. ನಾವೆಲ್ಲ ಚಪ್ಪಾಳೆ ಹೊಡೆದ್ವಿ.” ಅವಳು ಹುಬ್ಬು ಗಂಟಿಕ್ಕಿದಳು. “ಸರ್ ಸುಳ್ಳು ಹೇಳಿದ್ರಾ?”

ಮರ್ಯಾದೆ ವಾಪಸ್ ಕೊಡಲು ಬಂದ ತಕ್ಕಡಿಯಣ್ಣ, ಅಳಿಯ ಮಕ್ಕಳ ಮುಂದೆ ಹೇಗೋ ಉಳಿಸಿಕೊಂಡಿದ್ದ ಚೂರನ್ನೂ ಈಗ ಕಿತ್ತುಕೊಂಡಿದ್ದ. ತಾನು ಸುಮ್ಮನಿದ್ದಾಗಲೂ ಅಳಿಯನ ತಲೆಗೇ ಬಂತು, ಬಾಯಿ ಬಿಟ್ಟಾಗಲೂ ಅವನ ತಲೆಗೇ.

“ಇಲ್ಲಮ್ಮ,” ಎಂದ. ಹುಲ್ಲಿನ ಮೇಲೆಯೇ ಕೂತ. ಹುಡುಗಿಯ ಮುಖ ಈಗ ಅವನ ಮುಖಕ್ಕಿಂತ ಮೇಲಿತ್ತು. “ಸುಳ್ಳು ನಾನು ಹೇಳಿದ್ದು. ಅದು ನಿಮ್ಮ ಸರ್ ಮೇಲೆ ಬಿತ್ತು. ನನ್ನನ್ನ ಬಿಟ್ಟುಕೊಡಬಾರದು ಅಂತ ಹೊತ್ಕೊಂಡ್ರು. ಕ್ಲಾಸಲ್ಲಿ ಎಲ್ರಿಗೂ ಹೇಳ್ತೀಯಾ ಇದನ್ನ? ತಕ್ಕಡಿ ರಿಪೇರಿ ಮಾಡ್ತಾನಲ್ಲ ಆ ಮುದುಕ, ಅವನದ್ದೇ ತಪ್ಪು ಅಂತ.”

ಹುಡುಗಿ ಯೋಚಿಸಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

“ನಾನ್ಯಾಕೆ ಹೇಳ್ಲಿ ತಾತ?” ಎಂದಳು. “ನೀವೇ ಬಂದು ಹೇಳಿ.”